ಕೊನೆಯ ಪಾಲು

ಮೂರನೇ ಮಹಡಿಯ ಆ ಮನೆಯೊಳಗೆ ಅತ್ತೆಗೆ ಗೊತ್ತಿಲ್ಲದೆ ಒಂದು ಬೆಂಕಿಪೊಟ್ಟಣವೂ ಬರುತ್ತಿರಲಿಲ್ಲ. ಅಂಥದ್ದರಲ್ಲಿ ಸೊಸೆ ಒಂದು ಸಂಜೆ ಕೆಲಸದಿಂದ ಬಂದವಳೇ ಬ್ಯಾಗಿನಿಂದ ನಾಲ್ಕು ಬಿಸ್ಕತ್ತು ಪೊಟ್ಟಣ ತೆಗೆದು ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಜೋಡಿಸಿದ ರೀತಿಯಲ್ಲೇ ಸ್ವಲ್ಪ ಜಂಬವಿತ್ತು.

"ಇದೇನೇ, ಅಂಗಡಿ ಇಡ್ತೀಯಾ?" ಅಂದರು ಅತ್ತೆ.

"ಮೂರು ತಗೊಂಡ್ರೆ ಒಂದು ಫ್ರೀ ಅತ್ತೆ. ಇವತ್ತೇ ಕೊನೇ ದಿನ."

ಅತ್ತೆ ಕನ್ನಡಕ ಏರಿಸಿಕೊಂಡು ಒಂದು ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿದರು. ರವಿಕೆಯ ಅಳತೆಗೆಂದು ಬಂದು ಮಾತಿಗೆ ಕೂತಿದ್ದ ಎರಡನೇ ಮಹಡಿಯ ಟೈಲರಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡು ಕತ್ತು ಚಾಚಿದಳು.

"ಎಪ್ಪತ್ತೈದು ಗ್ರಾಂ. ಮೊನ್ನೆ ನಾನು ತಂದಿದ್ದು ನೂರು ಗ್ರಾಮಿಂದು. ಬೆಲೆ?" ಅಂದರು ಅತ್ತೆ.

"ಅದೇ ಬೆಲೆ."

"ಅಂದ್ರೆ ಇವು ನಾಲ್ಕು ಸೇರಿದ್ರೆ ಆ ಮೂರು ಆಯ್ತು. ನಿನಗೆ ಫ್ರೀ ಅಂತ ಕೊಟ್ಟಿದ್ದು ನಿನ್ನ ಮೂರರಿಂದ್ಲೇ ಮುರಿದು ಕೊಟ್ಟಿದ್ದು!" ಅತ್ತೆ ಟೈಲರಮ್ಮನ ಕಡೆ ತಿರುಗಿದರು. "ನೋಡಿ, ನಮ್ಮ ಸೊಸೆ ಆ ಸೂಪರ್ ಮಾರ್ಕೆಟ್‌ನಲ್ಲಿ ಬೆಲೆ ಚೀಟಿ ಹಚ್ಚೋಳು. ತಾನು ಹಚ್ಚಿದ ಚೀಟಿಗೆ ತಾನೇ ಬಿದ್ದು ಬಂದಿದಾಳೆ."

ಟೈಲರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದು ಪೊಟ್ಟಣ ಆಗಲೇ ಒಡೆದು ತಿನ್ನುತ್ತಿದ್ದ ಸೊಸೆಯ ಮಗಳು ಪುಟ್ಟಿಯೂ ನಕ್ಕಳು. ಸೊಸೆ ಮಾತ್ರ ಮುಖ ಊದಿಸಿಕೊಂಡು ಅಡುಗೆಮನೆಗೆ ಹೋಗಿ ಆಲೂಗೆಡ್ಡೆ ಹೆಚ್ಚತೊಡಗಿದಳು. ಹೆಚ್ಚುವ ಸದ್ದು ಹೊರಗಿನವರೆಗೂ ಕೇಳಿಸುತ್ತಿತ್ತು. ಹದಿನಾರು ವರ್ಷ ಈ ಮನೆಯಲ್ಲಿ ಬಾಳಿದ ಮೇಲೂ ಅವಳಿಗೆ ಅತ್ತೆಯ ನಾಲಿಗೆ ರೂಢಿಯಾಗಿರಲಿಲ್ಲ. ಒಳಗೆ ಅಂದರೆ ನುಂಗಿಕೊಳ್ಳುತ್ತಿದ್ದಳು. ಹೊರಗಿನವರ ಮುಂದೆ ಅಂದಿದ್ದು ಗಂಟಲಲ್ಲೇ ಸಿಕ್ಕಿಕೊಂಡಿತು.

ಕೊಳ್ಳುವುದರಲ್ಲಿ ಅತ್ತೆಯದು ಎತ್ತಿದ ಕೈ ಎಂಬುದನ್ನು ಆ ಕಟ್ಟಡದಲ್ಲಿ ಎಲ್ಲರೂ ಒಪ್ಪುತ್ತಿದ್ದರು. ಅವರನ್ನು ಎಲ್ಲರೂ ಕರೆಯುತ್ತಿದ್ದುದು ಪಾಲಮ್ಮ ಎಂದು. ಹದಿನೈದು ದಿನಕ್ಕೊಂದು ಭಾನುವಾರ ನಾಲ್ಕು ಮನೆಯವರು ದುಡ್ಡು ಸೇರಿಸಿ ಅದೇ ಸೂಪರ್ ಮಾರ್ಕೆಟ್‌ನಿಂದ ಇಪ್ಪತ್ತು ಕೆಜಿಯ ಅಕ್ಕಿ ಚೀಲ ತರಿಸುವುದು, ಪಾಲಮ್ಮನ ನಡುಮನೆಯಲ್ಲಿ ಬಟ್ಟೆ ಹಾಸಿ ಅದನ್ನು ಹಂಚಿಕೊಳ್ಳುವುದು, ಇದು ವರ್ಷಗಳಿಂದ ನಡೆದುಬಂದ ಪದ್ಧತಿ. ಟೈಲರಮ್ಮ, ಮೇಲಿನ ಮಹಡಿಯ ನರ್ಸಮ್ಮ, ನೆಲಮಹಡಿಯ ರಿಟೈರಾದ ಪೋಸ್ಟ್‌ಮ್ಯಾನು, ಮತ್ತು ಈ ಮನೆ. ಅಳೆಯುವುದಕ್ಕೆ ಅತ್ತೆಯ ಬಳಿ ಒಂದು ಹಳೆಯ ಹಾಲಿನಪುಡಿ ಡಬ್ಬಿ. ಒಂದು ಡಬ್ಬಿಗೆ ಸರಿಯಾಗಿ ಅರ್ಧ ಕೆಜಿ. ಮನೆಗೆ ಹತ್ತು ಡಬ್ಬಿ. ಹಂಚಿದವರು ಕೊನೆಯ ಪಾಲು ತೆಗೆದುಕೊಳ್ಳಬೇಕು ಎಂಬ ನಿಯಮವನ್ನೂ ಅವರೇ ಮಾಡಿದ್ದರು. "ಮೊದಲು ತಗೊಳ್ಳೋ ಕೈಗೆ ಆಸೆ ಜಾಸ್ತಿ" ಅನ್ನುತ್ತಿದ್ದರು. ಆ ಡಬ್ಬಿಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ.

ಹೊಸ ಸಾಮಾನಾದರೆ ಅತ್ತೆ ನೂರು ಸಲ ತಿರುಗಿಸಿ ನೋಡುತ್ತಿದ್ದರು. ಹಳೆಯದನ್ನು ನಂಬಿಬಿಡುತ್ತಿದ್ದರು. ಆ ಅಕ್ಕಿ ಚೀಲ ಅವರಿಗೆ ಎಷ್ಟು ಹಳೆಯದೆಂದರೆ, ಮನೆಯ ಬಾಗಿಲ ಮೇಲಿನ ನಂಬರನ್ನು ಹೇಗೆ ಯಾರೂ ಓದುವುದಿಲ್ಲವೋ ಹಾಗೆ ಅದರ ಮೇಲಿನ ಅಕ್ಷರವನ್ನೂ ಅವರು ಓದುತ್ತಿರಲಿಲ್ಲ.

ಬಿಸ್ಕತ್ತಿನ ಜಗಳವಾಗಿ ಎರಡು ದಿನಕ್ಕೆ ಸೊಸೆ ಬೆಳಗ್ಗೆ ಅಂಗಡಿ ಬಾಗಿಲು ತೆರೆಯುವ ಮೊದಲೇ ರ್ಯಾಕುಗಳ ನಡುವೆ ನಿಂತಿದ್ದಳು. ಹಳೆಯ ಚೀಟಿ ಕಿತ್ತು ಹೊಸದನ್ನು ಸಿಕ್ಕಿಸುವುದು ಅವಳ ಕೆಲಸ. ಬೆಲೆ ದೊಡ್ಡ ಅಕ್ಷರದಲ್ಲಿ ಇರುತ್ತಿತ್ತು. ಕೆಜಿಗೆ ಎಷ್ಟು ಬೀಳುತ್ತದೆ ಎಂಬುದು ಮೂಲೆಯಲ್ಲಿ ಇರುವೆಯಷ್ಟು. ಅದೂ ಸಣ್ಣ ಪೊಟ್ಟಣಕ್ಕೆ ನೂರು ಗ್ರಾಮಿನ ಲೆಕ್ಕ, ದೊಡ್ಡದಕ್ಕೆ ಕೆಜಿಯ ಲೆಕ್ಕ. ಒಂದಕ್ಕೊಂದು ಹೋಲಿಸಬೇಕೆಂದರೆ ಮಗ್ಗಿ ಬಾಯಿಪಾಠವಿರಬೇಕು. ಆವತ್ತು ಅಕ್ಕಿಯ ಜಾಗಕ್ಕೆ ಬಂದ ಹಳದಿ ಚೀಟಿಯ ಮೇಲೆ "ಬೆಲೆ ಏರಿಸಿಲ್ಲ! ನಿಮ್ಮ ಮೆಚ್ಚಿನ ಚೀಲ ಅದೇ ಬೆಲೆಗೆ" ಎಂದಿತ್ತು. ಏರಿಸದೇ ಇರುವುದನ್ನು ಯಾಕೆ ಇಷ್ಟು ಕೂಗಿ ಹೇಳುತ್ತಾರೆ ಎಂದು ಅವಳು ಬಗ್ಗಿ ಚೀಲ ನೋಡಿದಳು. ಅದೇ ಚೀಲ, ಅದೇ ಹಸಿರು ಗೆರೆ. ಕೆಳಗೆ ಹೊಲಿಗೆಯ ಹತ್ತಿರ ಮಾತ್ರ ಇಪ್ಪತ್ತು ಹೋಗಿ ಹತ್ತೊಂಬತ್ತು ಆಗಿತ್ತು.

"ಸರ್, ಇದರಲ್ಲಿ ಒಂದು ಕೆಜಿ ಕಮ್ಮಿ ಇದೆ."

ಸೂಪರ್‌ವೈಸರು ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಆದರೆ ಟೈ ಕಟ್ಟುತ್ತಿದ್ದ. "ಚೀಟೀಲಿ ಸುಳ್ಳು ಬರೆದಿದಾರಾ? ಬೆಲೆ ಏರಿಸಿದೀವಾ? ಇಲ್ಲ. ಚೀಲದ ಮೇಲೆ ಹತ್ತೊಂಬತ್ತು ಅಂತ ಹಾಕಿದಾರಾ? ಹಾಕಿದಾರೆ. ನಮ್ಮ ಕೆಲಸ ಹಚ್ಚೋದಮ್ಮ, ಪಾಠ ಹೇಳೋದಲ್ಲ. ನೀವು ಕಾಯಂ ಆಗೋ ಟೈಮು ಬೇರೆ. ಅಂಗಡಿ ಮಾತು ಅಂಗಡೀಲೇ ಇರ್ಲಿ."

ಅವನು ಹೆದರಿಸಿದ್ದರಿಂದ ಅವಳು ಸುಮ್ಮನಾದಳು ಎಂದರೆ ಅರ್ಧ ನಿಜ. ಇನ್ನರ್ಧ ಹೇಳಲು ನಾಚಿಕೆಯಾಗುವಂಥದ್ದು. ಚೀಟಿ ಸಿಕ್ಕಿಸುತ್ತಿರುವಾಗ ಅವಳ ಕಣ್ಣಮುಂದೆ ಬಂದದ್ದು ಅತ್ತೆಯ ಮುಖ, ಟೈಲರಮ್ಮನ ನಗು. 'ಬೀಳಲಿ, ಅವರೂ ಒಂದು ಸಲ ಬೀಳಲಿ' ಅಂದುಕೊಂಡಳು. ಒಂದೇ ಒಂದು ಸಲ. ಆಮೇಲೆ ತಾನೇ ನಗುತ್ತಾ ಹೇಳಿಬಿಟ್ಟರಾಯಿತು. ಹಾಗೆ ಅಂದುಕೊಂಡಾಗ ಮನಸ್ಸಿಗೆ ತಂಪಾಯಿತು.

ಆ ಭಾನುವಾರ ಎಂದಿನಂತೆ ಚೀಲ ಬಂತು, ಬಟ್ಟೆ ಹಾಸಿದ್ದಾಯಿತು. ಮೂವರು ತಮ್ಮ ತಮ್ಮ ಪಾಲು ತೆಗೆದುಕೊಂಡು ಹೋದರು. ಅತ್ತೆ ಕೊನೆಯದನ್ನು ಅಳೆದರು. ಎಂಟು ಡಬ್ಬಿಗೆ ಅಕ್ಕಿ ಮುಗಿಯಿತು.

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅತ್ತೆ ಚೀಲವನ್ನು ತಲೆಕೆಳಗು ಮಾಡಿ ಕೊಡವಿದರು. ಬಟ್ಟೆಯ ಮಡಿಕೆ ಬಿಡಿಸಿದರು. ಈಗ "ಈ ಅಂಗಡಿಯವರು ಕಳ್ಳರು" ಎಂದು ಕೂಗುತ್ತಾರೆ, ಆಗ ಹೇಳೋಣ ಎಂದು ಅವಳು ನಗುವನ್ನು ಸಿದ್ಧಮಾಡಿಕೊಂಡು ಕಾದಳು. ಅತ್ತೆ ಕೂಗಲಿಲ್ಲ. ಸುಮ್ಮನೆ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಯಾರಿಗೋ ಎರಡು ಹೆಚ್ಚಿಗೆ ಹಾಕಿಬಿಟ್ಟೆ ಅಂತ ಕಾಣುತ್ತೆ" ಅಂದರು ಸಣ್ಣ ದನಿಯಲ್ಲಿ. "ಯಾರ ಹತ್ರಾನೂ ಹೇಳ್ಬೇಡ. ಹೋಗಿ ವಾಪಸ್ ಕೇಳೋಕಾಗುತ್ತಾ?"

ಸೊಸೆ ಬಗ್ಗಿ ನೆಲಕ್ಕೆ ಹಾಸಿದ್ದ ಬಟ್ಟೆಯನ್ನು ಮಡಚತೊಡಗಿದಳು. ಇದು ಅವಳು ಅಂದುಕೊಂಡ ಆಟವಾಗಿರಲಿಲ್ಲ.

ಹದಿನೈದು ದಿನ ತುಂಬುವುದಕ್ಕೆ ಮೊದಲೇ ಮನೆಯಲ್ಲಿ ಅಕ್ಕಿ ಮುಗಿಯತೊಡಗಿತು. ಗಂಡ ಲಿಫ್ಟ್ ರಿಪೇರಿಯವನು. ಊರಿನ ಲಿಫ್ಟುಗಳನ್ನೆಲ್ಲ ಸರಿಮಾಡಿ, ಲಿಫ್ಟಿಲ್ಲದ ತನ್ನ ಕಟ್ಟಡದ ಮೆಟ್ಟಿಲು ಹತ್ತಿ ಹಸಿದು ಬರುತ್ತಿದ್ದ.

"ಇಷ್ಟೇನಾ ಅನ್ನ?" ಅಂದ ಒಂದು ಸಂಜೆ, ಪಾತ್ರೆಯ ತಳ ಕೆರೆಯುತ್ತಾ.

"ಬ್ರೆಡ್ ತಿನ್ನು" ಅಂದರು ಅತ್ತೆ.

"ನಿನ್ನೆನೂ ಬ್ರೆಡ್ಡೇ ಅಲ್ವೇನಮ್ಮ? ನಿನ್ನ ಪಾಲಿನ ಅಕ್ಕಿ ಎಲ್ಲಿ ಹೋಯ್ತು?"

"ನಿನ್ನ ಹೆಂಡ್ತಿ ಕೇಳು. ಅಳತೆಯಿಲ್ಲ, ಲೆಕ್ಕವಿಲ್ಲ, ಮುಷ್ಟಿ ತುಂಬ ಹಾಕ್ತಾಳೆ."

"ನಾನಾ?" ಅಂದಳು ಸೊಸೆ. "ನಾನು ಹಾಕೋದು ನೀವು ತೆಗೆದಿಟ್ಟಿದ್ದನ್ನ ತಾನೆ?"

"ಅಜ್ಜಿ, ಬೇಳೆಗೆ ಉಪ್ಪು ಎರಡು ಸಲ ಹಾಕಿದೀಯಾ" ಅಂದಳು ಪುಟ್ಟಿ ನಡುವೆ ಬಾಯಿ ಹಾಕಿ.

ಉಪ್ಪು ಯಾರ ಮನೆಯಲ್ಲೂ ಒಮ್ಮೊಮ್ಮೆ ಹೆಚ್ಚಾಗುತ್ತದೆ. ಆದರೆ ಅತ್ತೆ ಚಮಚ ಕೆಳಗಿಟ್ಟು ಮಗನ ಮುಖ ನೋಡಿದರು. "ನಿಮ್ಮ ದೊಡ್ಡಮ್ಮನಿಗೂ ಹೀಗೇ ಶುರುವಾಗಿದ್ದು" ಅಂದರು. ಅವರ ಅಕ್ಕ ಕೊನೆಗಾಲದಲ್ಲಿ ಸ್ವಂತ ಮಕ್ಕಳನ್ನೇ ಯಾರು ನೀವು ಎಂದು ಕೇಳುತ್ತಿದ್ದುದು ಎಲ್ಲರಿಗೂ ನೆನಪಿತ್ತು.

"ಸುಮ್ನಿರಮ್ಮ. ಉಪ್ಪಿಗೆಲ್ಲ ದೊಡ್ಡಮ್ಮನ್ನ ಎಳೀಬೇಡ" ಎಂದ ಮಗ. ಅವನಿಗೂ ಹೆದರಿಕೆಯಾಗಿತ್ತು.

ಎರಡನೇ ಸಲದ ಹಂಚಿಕೆಯ ಹಿಂದಿನ ದಿನ ಸೊಸೆಗೆ ಮಧ್ಯಾಹ್ನವೇ ಬಿಡುವಾಯಿತು. ತನ್ನ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಬಂದರೆ ಅತ್ತೆ ನಡುಮನೆಯ ನೆಲದ ಮೇಲೆ ಕೂತಿದ್ದರು. ಒಂದು ಕಡೆ ಪಾತ್ರೆ, ಇನ್ನೊಂದು ಕಡೆ ಪಾತ್ರೆ. ಉಳಿದಿದ್ದ ಅಷ್ಟಿಷ್ಟು ಅಕ್ಕಿಯನ್ನು ಡಬ್ಬಿಯಲ್ಲಿ ಇದರಿಂದ ಅದಕ್ಕೆ ಹಾಕಿ, ಮತ್ತೆ ಅದರಿಂದ ಇದಕ್ಕೆ ಹಾಕುತ್ತಿದ್ದರು. ಗಟ್ಟಿಯಾಗಿ ಎಣಿಸುತ್ತಿದ್ದರು, ಒಂದನೇ ತರಗತಿಯ ಮಗು ಎಣಿಸುವ ಹಾಗೆ, ಪ್ರತಿ ಅಂಕಿಗೂ ತಲೆಯಾಡಿಸಿ. ಐದಕ್ಕೆ ಬಂದು ನಿಂತರು. "ಐದಾಯ್ತಾ? ಐದಾಯ್ತು" ಎಂದು ತಮಗೆ ತಾವೇ ಹೇಳಿಕೊಂಡರು.

ಸೊಸೆ ಅಂದುಕೊಂಡದ್ದು ಅತ್ತೆಯ ಜಂಬ ಇಳಿಯಲಿ ಎಂದು. ಇಳಿದದ್ದು ಅತ್ತೆಯ ಧೈರ್ಯ. ಬಾಗಿಲ ಸದ್ದಿಗೆ ಅತ್ತೆ ತಿರುಗಿ, ಡಬ್ಬಿಯನ್ನು ಸೆರಗಿನ ಮರೆಗೆ ಎಳೆದುಕೊಂಡರು. ಎಪ್ಪತ್ತು ದಾಟಿದ ಹೆಂಗಸು ತನ್ನದೇ ಮನೆಯಲ್ಲಿ, ತನ್ನದೇ ಡಬ್ಬಿಯನ್ನು ಬಚ್ಚಿಟ್ಟುಕೊಂಡಳು.

"ಅತ್ತೆ..."

"ಏನೇ? ಇಷ್ಟು ಬೇಗ ಬಂದೆ?"

"ಏನಿಲ್ಲ... ಟೀ ಮಾಡ್ಲಾ?"

"ಮಾಡು."

ಅಷ್ಟೇ. ಹೇಳಬೇಕಾದ ಮಾತು ನಾಲಿಗೆಯ ತುದಿಯವರೆಗೆ ಬಂದು ಟೀ ಆಗಿ ಹೋಯಿತು. ಈಗ ಹೇಳಿದರೆ 'ಅವತ್ತೇ ಯಾಕೆ ಹೇಳಲಿಲ್ಲ' ಎಂದು ಕೇಳುತ್ತಾರಲ್ಲ, ಅದಕ್ಕೆ ಏನು ಉತ್ತರ ಕೊಡುವುದು? ನೀರು ಕುದಿಯುವವರೆಗೂ ಅವಳು ಅದನ್ನೇ ಯೋಚಿಸಿದಳು. ಎರಡನೇ ಸಲವೂ ಕೊನೆಯ ಪಾಲು ಎಂಟೇ ಡಬ್ಬಿಯಾಯಿತು. ಅತ್ತೆ ಅವತ್ತು ತಲೆನೋವೆಂದು ಊಟ ಮಾಡದೆ ಮಲಗಿದರು.

ಮೂರನೇ ಸಲ ಅತ್ತೆ ಒಂದು ಉಪಾಯ ಮಾಡಿದರು. ಪ್ರತಿ ಡಬ್ಬಿಯನ್ನೂ ಅಂಚಿನವರೆಗೆ ತುಂಬದೆ, ಒಂದು ಬೆರಳು ಕೆಳಗೇ ಬಿಟ್ಟು ಬೇಗ ಬೇಗ ಸುರಿದರು. ನಾಲ್ಕೂ ಪಾಲು ಸಮನಾಯಿತು. ಕೊನೆಯ ಪಾಲಿಗೆ ಹತ್ತನೇ ಡಬ್ಬಿ ಬಂದಾಗ ಅವರ ಮುಖ ಅರಳಿದ್ದನ್ನು ಸೊಸೆ ನೋಡಿದಳು. ಇದ್ದದ್ದನ್ನು ಸಮನಾಗಿ ಹಂಚುವುದರಲ್ಲಿ ತಪ್ಪೇನಿಲ್ಲ. ಆದರೆ ಹೇಳದೆ ಮಾಡಿದ್ದು ತಪ್ಪಾಗಿಯೇ ಕಾಣುತ್ತದೆ. ಅದರಲ್ಲೂ ಟೈಲರಮ್ಮನಂಥವಳ ಕಣ್ಣಿಗೆ. ಒಂದಿಂಚು ಬಟ್ಟೆ ಕಮ್ಮಿಯಾದರೂ ಗುರುತು ಹಿಡಿಯುವ ಕಣ್ಣು ಅದು.

ಮಾರನೆಯ ಸಂಜೆಯೇ ಕದ ತಟ್ಟಿದ ಸದ್ದು. ಮುಂದೆ ಟೈಲರಮ್ಮ, ಅಕ್ಕಿಯ ಚೀಲ ಹಿಡಿದು. ಹಿಂದೆ ನರ್ಸಮ್ಮ, ಮಕ್ಕಳನ್ನು ತೂಗುವ ತಕ್ಕಡಿ ಹಿಡಿದು. ಅವರಿಬ್ಬರ ಹಿಂದೆ ಪೋಸ್ಟ್‌ಮ್ಯಾನು, ಏದುಸಿರು ಬಿಡುತ್ತಾ.

"ಪಾಲಮ್ಮ, ತಪ್ಪು ತಿಳ್ಕೋಬೇಡಿ" ಎಂದು ಶುರುಮಾಡಿದಳು ಟೈಲರಮ್ಮ. ಹಾಗೆ ಶುರುಮಾಡಿದವರು ಸುಮ್ಮನೆ ಹೋಗುವುದಿಲ್ಲ. "ಅಕ್ಕಿ ಯಾಕೋ ಕಮ್ಮಿ ಅನ್ನಿಸ್ತು. ನರ್ಸಮ್ಮನ ತಕ್ಕಡೀಲಿ ಇಟ್ಟು ನೋಡಿದ್ವಿ. ಐದು ಕೆಜಿ ಇಲ್ಲ. ಇವರ ಪಾಲೂ ಇಲ್ಲ, ಅವರ ಪಾಲೂ ಇಲ್ಲ."

ತಕ್ಕಡಿಯನ್ನು ಊಟದ ಮೇಜಿನ ಮೇಲಿಟ್ಟರು. ಕೂಸು ಮಲಗುವ ತೊಟ್ಟಿಯಲ್ಲಿ ಅಕ್ಕಿ ಚೀಲ ಮಲಗಿತು. ಮುಳ್ಳು ಐದನ್ನು ಮುಟ್ಟಲಿಲ್ಲ.

"ನೀವೂ ನೋಡಿ" ಅಂದಳು ಟೈಲರಮ್ಮ. "ಮೂರು ಮನೆಯಿಂದ ಹೀಗೆ ಮಿಕ್ಕಿದ್ದು ಎಲ್ಲಿಗೆ ಹೋಗುತ್ತೆ? ಹಂಚೋ ಕೈಗೆ ತಾನೆ?"

ಸಂತೆಯಲ್ಲಿ ನಿಂತು ನಾಲ್ಕು ಅಂಗಡಿಯವರ ಬಾಯಿ ಮುಚ್ಚಿಸಬಲ್ಲ ಅತ್ತೆ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. "ನಾನು ಡಬ್ಬಿ ತಗ್ಗಿಸಿ ಹಾಕ್ದೆ, ನಿಜ" ಅಂದರು ಕೊನೆಗೆ. "ಎರಡು ಸಲ ನನಗೇ ಕಮ್ಮಿ ಬಂತು. ಎಣಿಕೆ ತಪ್ತಾ ಇದೆ ನನಗೆ. ತಲೆ ಸರಿಯಿಲ್ಲ. ಹೇಳ್ಕೊಳ್ಳೋಕೆ ನಾಚ್ಕೆ ಆಯ್ತು."

ನರ್ಸಮ್ಮ ನೆಲ ನೋಡಿದಳು. ಪೋಸ್ಟ್‌ಮ್ಯಾನು ಕೆಮ್ಮಿದರು. ಸೊಸೆಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆದರೂ ಅವಳ ಬಾಯಿ ತೆರೆಯಲಿಲ್ಲ. ತೆರೆದದ್ದು ಪುಟ್ಟಿಯ ಬಾಯಿ. ಹಿತ್ತಲ ಬಾಲ್ಕನಿಯಲ್ಲಿ ಮಡಚಿಟ್ಟಿದ್ದ ಖಾಲಿ ಚೀಲವನ್ನು ಅವಳು ಯಾವಾಗಲೋ ಹೋಗಿ ತಂದಿದ್ದಳು.

"ಅಜ್ಜಿ, ಇದರಲ್ಲಿರೋದೇ ಹತ್ತೊಂಬತ್ತು."

"ಏನು?"

"ಹತ್ತೊಂಬತ್ತು ಕೆಜಿ. ಬರೆದಿದಾರೆ ನೋಡು, ಹೊಲಿಗೆ ಹತ್ರ. ಇಪ್ಪತ್ತಲ್ಲ."

ಚೀಲ ಕೈಯಿಂದ ಕೈಗೆ ಹೋಯಿತು. ಪೋಸ್ಟ್‌ಮ್ಯಾನು ಅಷ್ಟು ವರ್ಷ ವಿಳಾಸ ಓದಿದ ಕಣ್ಣಿನಿಂದ ಓದಿ, ಹೌದು ಎಂದು ತಲೆಯಾಡಿಸಿದರು. ಟೈಲರಮ್ಮ "ಅಯ್ಯೋ ಕಳ್ಳ ನನ್ಮಕ್ಕಳಾ" ಎಂದು ಅಂಗಡಿಯವರ ಏಳು ತಲೆಮಾರನ್ನು ಜಾಲಾಡಿದಳು. ಅತ್ತೆ ಚೀಲವನ್ನು ಎದೆಗೆ ಅವಚಿಕೊಂಡು, ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯದಂತೆ, "ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ! ಸರಿಯಾಗೇ ಇದೆ ಕಣೇ!" ಎಂದು ಮೊಮ್ಮಗಳ ಕೆನ್ನೆ ಹಿಡಿದು ಅಲ್ಲಾಡಿಸಿದರು.

ಆ ಸಂತೋಷದ ನಡುವೆಯೇ ಟೈಲರಮ್ಮನ ಕಣ್ಣು ಸೊಸೆಯ ಮೇಲೆ ಬಿತ್ತು. "ಅಲ್ಲಮ್ಮ, ನೀನು ಅಲ್ಲೇ ಚೀಟಿ ಹಚ್ಚೋಳಲ್ವಾ? ನಿನಗೆ ಗೊತ್ತಾಗ್ಲಿಲ್ವಾ?"

ಎಲ್ಲರೂ ತಿರುಗಿದರು. ಸೊಸೆ ಏನಾದರೂ ಹೇಳುವ ಮೊದಲೇ ಅತ್ತೆ ಗದರಿದರು. "ಏನ್ರೀ ಮಾತು ಇದು? ಅವಳಿಗೆ ಗೊತ್ತಿದ್ರೆ ನನಗೆ ಹೇಳ್ದೆ ಇರ್ತಿದ್ಲಾ? ನಾನು ಎರಡು ಮಾತು ಅಂತೀನಿ, ಅವಳು ಎರಡು ಅಂತಾಳೆ, ಅದು ನಮ್ಮಿಬ್ಬರದು. ಆದ್ರೆ ನಾನು ಒದ್ದಾಡ್ತಾ ಇರೋದನ್ನ ಸುಮ್ನೆ ನೋಡ್ಕೊಂಡು ಇರೋ ಹೆಣ್ಣಲ್ಲ ಅದು."

ಹದಿನಾರು ವರ್ಷದಲ್ಲಿ ಅತ್ತೆ ಅವಳನ್ನು ನಾಲ್ಕು ಜನರ ಮುಂದೆ ಹೊಗಳಿದ್ದು ಅದೇ ಮೊದಲು. ಅವಳು ತಲೆತಗ್ಗಿಸಿದಳು. ನೋಡಿದವರು ಅದನ್ನು ಸಂಕೋಚ ಅಂದುಕೊಂಡರು.

ಟೈಲರಮ್ಮ ಅತ್ತೆಯ ಕೈ ಹಿಡಿದು ಕ್ಷಮೆ ಕೇಳಿದಳು, ತಕ್ಕಡಿ ಎತ್ತಿಕೊಂಡರು, ಹೋದರು. ಆದರೆ ಮೆಟ್ಟಿಲ ಹತ್ತಿರ ನರ್ಸಮ್ಮ "ಇನ್ನು ಅವರವರು ತಂದ್ಕೊಳ್ಳೋದೇ ವಾಸಿ" ಅಂದದ್ದು ಒಳಕ್ಕೂ ಕೇಳಿಸಿತು. ಅತ್ತೆಗೂ ಕೇಳಿಸಿತು. ಅವರು ಕೇಳಿಸದವರಂತೆ ತಟ್ಟೆ ಹಾಕಿದರು.

ಊಟಕ್ಕೆ ಬ್ರೆಡ್ಡೂ ಮೊಟ್ಟೆಯೂ ಇತ್ತು. ಅತ್ತೆ ತಮ್ಮ ಪಾಲಿನ ಮೊಟ್ಟೆಯಲ್ಲಿ ಅರ್ಧ ಮುರಿದು ಸೊಸೆಯ ತಟ್ಟೆಗೆ ಹಾಕಿದರು. "ತಿನ್ನು. ಅವಳ ಮಾತು ಮನಸ್ಸಿಗೆ ಹಚ್ಕೋಬೇಡ."

ಅವಳು ಆ ಅರ್ಧ ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಸರಿಸಿದಳು. "ಅತ್ತೆ, ನನಗೆ ಗೊತ್ತಿತ್ತು" ಅಂದಳು.

ಗಂಡ ಅಗಿಯುವುದನ್ನು ನಿಲ್ಲಿಸಿದ.

"ಏನು ಗೊತ್ತಿತ್ತು?" ಅಂದರು ಅತ್ತೆ.

"ಚೀಲದಲ್ಲಿ ಕಮ್ಮಿ ಇರೋದು."

"ಯಾವತ್ತಿಂದ?"

"ಮೊದಲಿಂದ. ಚೀಟಿ ಹಚ್ಚಿದ್ದೇ ನಾನು. ನೀವು ಆವತ್ತು ಬಿಸ್ಕತ್ತಿನ ವಿಷಯಕ್ಕೆ ಟೈಲರಮ್ಮನ ಮುಂದೆ... ಸಿಟ್ಟಿತ್ತು ಅತ್ತೆ. ಒಂದ್ಸಲ ಅಂದ್ಕೊಂಡೆ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

"ನಾನು ಎಣಿಸ್ತಾ ಕೂತಿದ್ದಾಗ ಬಂದ್ಯಲ್ಲ. ಆವಾಗ?"

"ಆವಾಗ್ಲೂ ಗೊತ್ತಿತ್ತು."

"ಬಿಡಮ್ಮ, ಹೋಗ್ಲಿ, ಒಂದು ಕೆಜಿ ಅಕ್ಕಿ..." ಎಂದ ಗಂಡ, ಜಗಳ ಬಿಡಿಸುವ ದನಿಯಲ್ಲಿ.

"ಅಕ್ಕಿ ವಿಷಯ ಅಲ್ಲಪ್ಪ" ಅಂದರು ಅತ್ತೆ. ಬೈಯಲಿಲ್ಲ. ಉಳಿದ ಬ್ರೆಡ್ಡನ್ನು ತಿಂದು, ತಟ್ಟೆ ತೊಳೆದು, ಒರೆಸಿ, ಗೂಡಿನಲ್ಲಿಟ್ಟು ತಮ್ಮ ಕೋಣೆಗೆ ಹೋದರು.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಜಗಳವೇ ಇರಲಿಲ್ಲ. ಬಂದು ಹೋಗುವವರು ನೋಡಿದರೆ ಎಂಥ ಹೊಂದಾಣಿಕೆ ಅನ್ನಬೇಕು. ಸೊಸೆ ಎಣ್ಣೆ ಹೆಚ್ಚು ಸುರಿದರೂ ಅತ್ತೆ ಏನೂ ಅನ್ನಲಿಲ್ಲ. ನಲ್ಲಿ ಸೋರುತ್ತಾ ಬಿಟ್ಟರೂ ಅನ್ನಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು: ಹೂಂ, ಆಗಲಮ್ಮ, ನಿಮ್ಮಿಷ್ಟ. ನಿಮ್ಮಿಷ್ಟ! ಸೊಸೆಗೆ ಈ ಮರ್ಯಾದೆ ಬೆಂಕಿಯಂತೆ ಸುಡುತ್ತಿತ್ತು. ಭಾನುವಾರಗಳಲ್ಲಿ ಯಾರೂ ಬರುತ್ತಿರಲಿಲ್ಲ. ಟೈಲರಮ್ಮ ಮೆಟ್ಟಿಲಲ್ಲಿ ಸಿಕ್ಕರೆ ತಾನೇ ತಂದ ಅಕ್ಕಿಯ ಸಣ್ಣ ಚೀಲವನ್ನು ಕಾಲಿನ ಹಿಂದೆ ಸರಿಸಿಕೊಂಡು ಮಾತಾಡಿಸುತ್ತಿದ್ದಳು. ಅತ್ತೆ ಪೇಟೆಗೆ ಹೋಗುವುದನ್ನೇ ಬಿಟ್ಟರು. ತಿಂಗಳ ಖರ್ಚಿನ ಪರ್ಸನ್ನು ಸೊಸೆಯ ದಿಂಬಿನ ಹತ್ತಿರ ಇಟ್ಟರು.

"ನೀವೇ ತನ್ನಿ ಅತ್ತೆ, ನನಗೆ ಆಯ್ದು ತರೋಕೆ ಬರಲ್ಲ" ಎಂದು ಅವಳು ಗೋಗರೆದಳು.

"ನನಗೂ ಬರಲ್ಲ ಅಂತ ಗೊತ್ತಾಯ್ತಲ್ಲ" ಅಂದರು ಅತ್ತೆ.

"ಅಮ್ಮ, ಅಜ್ಜಿ ಹತ್ರ ಇನ್ನೊಂದ್ಸಲ ಸಾರಿ ಕೇಳು" ಎಂದಳು ಪುಟ್ಟಿ ಒಂದು ದಿನ, ಬಟ್ಟೆ ಮಡಚುತ್ತಾ.

"ಎಷ್ಟು ಸಲ ಕೇಳಿದೀನಿ ಗೊತ್ತಾ?"

"ಮತ್ತೆ ಅಜ್ಜಿ ಏನಂತು?"

"ಪರವಾಗಿಲ್ಲಮ್ಮ ಅಂದ್ರು."

"ಅಯ್ಯೋ" ಎಂದಳು ಪುಟ್ಟಿ. ಹದಿನಾಲ್ಕು ವರ್ಷದ ಹುಡುಗಿಗೂ ಅದರ ಅರ್ಥ ತಿಳಿದಿತ್ತು.

ತಿಂಗಳ ಮೊದಲ ಶನಿವಾರ ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೊಸೆ ಅಕ್ಕಿಯ ರ್ಯಾಕಿನ ಮುಂದೆ ಮಂಡಿಯೂರಿ ಕೂತು, ಜನರ ಕಾಲುಗಳ ನಡುವೆ, ಹೊಸ ಹಳದಿ ಚೀಟಿ ಸಿಕ್ಕಿಸುತ್ತಿದ್ದಳು. ಅವಳು ಕಾಯಂ ಆಗಿ ಒಂದು ವಾರವಾಗಿತ್ತು. ಮನೆಯಲ್ಲಿ ಹೇಳಿದಾಗ ಗಂಡ ಮಾತ್ರ ಸಂತೋಷಪಟ್ಟಿದ್ದ. ಪಕ್ಕದಲ್ಲಿ ಹೊಸದಾಗಿ ಮದುವೆಯಾದವರಂತೆ ಕಾಣುವ ಜೋಡಿಯೊಂದು ಹಸಿರು ಗೆರೆಯ ಚೀಲವನ್ನು ಗಾಡಿಗೆ ಎತ್ತಿಡುತ್ತಿತ್ತು.

"ಅಮ್ಮಾ, ಸ್ವಲ್ಪ ಇದರಲ್ಲಿ ಎಷ್ಟಿದೆ ಓದಿ ಹೇಳ್ತೀರಾ?"

ದನಿ ಕೇಳಿ ಅವಳು ತಲೆಯೆತ್ತಿದಳು. ಅತ್ತೆ ನಿಂತಿದ್ದರು, ಹೊರಗೆ ಹೋಗುವಾಗ ಉಡುವ ಸೀರೆಯಲ್ಲಿ. ಕೈಯಲ್ಲಿ ಖಾಲಿ ಬುಟ್ಟಿ. ಕನ್ನಡಕ ಮೂಗಿನ ಮೇಲೇ ಇತ್ತು.

"ಅತ್ತೆ, ನೀವಿಲ್ಲಿ..."

"ಗಿರಾಕಿ ಕೇಳ್ತಾ ಇದೀನಿ. ಈ ಚೀಲದಲ್ಲಿ ಎಷ್ಟಿದೆ?"

ರ್ಯಾಕಿನ ತುದಿಯಲ್ಲಿ ಸೂಪರ್‌ವೈಸರು ಯಾರಿಗೋ ಎಣ್ಣೆಯ ಡಬ್ಬ ತೋರಿಸುತ್ತಾ ನಿಂತಿದ್ದ. ಅವನ ಕಿವಿ ಈ ಕಡೆಯೇ ಇತ್ತು.

"ಹತ್ತೊಂಬತ್ತು ಕೆಜಿ" ಎಂದಳು ಸೊಸೆ ಮೆಲ್ಲಗೆ.

"ಕೇಳಿಸ್ಲಿಲ್ಲ."

"ಹತ್ತೊಂಬತ್ತು."

"ಮೊದಲು ಎಷ್ಟಿತ್ತು?"

ಅವಳು ಎದ್ದು ನಿಂತಳು. ಕೈಯಲ್ಲಿದ್ದ ಚೀಟಿಗಳು ಬೆವರಿಗೆ ಮೆತ್ತಗಾಗಿದ್ದವು. ಸೂಪರ್‌ವೈಸರು ಎಣ್ಣೆ ಬಿಟ್ಟು ಈ ಕಡೆ ಎರಡು ಹೆಜ್ಜೆ ಇಟ್ಟ. ಅವಳು ಅವನನ್ನು ನೋಡಿದಳು, ಆಮೇಲೆ ಅತ್ತೆಯನ್ನು ನೋಡಿದಳು. ಅತ್ತೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಬರೀ ಕಾಯುತ್ತಿದ್ದರು.

"ಮೊದಲು ಇಪ್ಪತ್ತಿತ್ತು" ಅಂದಳು ಗಟ್ಟಿಯಾಗಿ. "ಒಂದು ಕೆಜಿ ಕಮ್ಮಿ ಮಾಡಿದಾರೆ. ಬೆಲೆ ಮಾತ್ರ ಅದೇ."

ಜೋಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡಸು ಗಾಡಿಯಿಂದ ಚೀಲ ಎತ್ತಿ ಮತ್ತೆ ರ್ಯಾಕಿಗಿಟ್ಟ. ಹಿಂದೆ ನಿಂತಿದ್ದ ಒಬ್ಬಾಕೆ "ಹೌದಾ?" ಎಂದು ಬಗ್ಗಿ ಓದತೊಡಗಿದಳು.

"ಇಷ್ಟೇನಾ?" ಅಂದರು ಅತ್ತೆ.

"ಇಷ್ಟೇ ಅತ್ತೆ."

ಅತ್ತೆ ಅವಳ ಹತ್ತಿರಕ್ಕೆ ಬಂದರು. ಅಷ್ಟು ವಾರಗಳಿಂದ ಬಾರದಿದ್ದ ಹಳೆಯ ದನಿ ಈಗ ಬಂತು. ಆದರೆ ಅದರಲ್ಲಿ ಗದರಿಕೆಯಿರಲಿಲ್ಲ, ಅದು ಒಡೆದುಹೋಗಿತ್ತು. "ಇಷ್ಟು ಮಾತು ಹೇಳ್ದೆ, ನನ್ನ ತಲೆ ಕೆಟ್ಟಿದೆ ಅಂತ ನನ್ನನ್ನೇ ನಂಬಿಸಿಬಿಟ್ಯಲ್ಲೇ."

ಬುಟ್ಟಿಯನ್ನು ಅಲ್ಲೇ ಕೆಳಗಿಟ್ಟು, ಜನರನ್ನು ಸರಿಸಿಕೊಂಡು, ಅತ್ತೆ ಬಾಗಿಲ ಕಡೆ ನಡೆದರು. ಸೂಪರ್‌ವೈಸರು ಬಂದು ಏನೋ ಶುರುಮಾಡಿದ. ಅವಳು ಕೇಳುತ್ತಾ ನಿಂತಳು.

"ಅವರು ನಿಮಗೆ ಏನಾಗ್ಬೇಕು?" ಎಂದು ಚೀಲ ವಾಪಸಿಟ್ಟವನ ಹೆಂಡತಿ ಮೆಲ್ಲಗೆ ಕೇಳಿದಳು.

"ನಮ್ಮತ್ತೆ" ಅಂದಳು ಅವಳು. ಅಷ್ಟು ಹೇಳುವಾಗಲೂ ಅವಳಿಗೆ ತಲೆ ಎತ್ತಲಾಗಲಿಲ್ಲ.